ಹೊಸದುರ್ಗದಿಂದ ಮಲ್ಪೆಗೆ: ಮಳೆಯ ಲೆಕ್ಕ ಹೇಳುವ ಹಾದಿ

ಹೊಸದುರ್ಗ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 740 ಮೀಟರ್ ಎತ್ತರದಲ್ಲಿದೆ. ಆಗುಂಬೆ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ಮಲೆನಾಡೆಂದರೆ ಮೇಲೆ, ಬಯಲುಸೀಮೆಯೆಂದರೆ ಕೆಳಗೆ ಎಂದು ಎಣಿಸಿದವರಿಗೆ ಈ ಎರಡು ಅಂಕಿಗಳು ಆಶ್ಚರ್ಯ ತರಬಹುದು. ಹೊಸದುರ್ಗದಿಂದ ಮೋಟಾರ್ ಸೈಕಲ್ ಹತ್ತಿ ಅಜ್ಜಂಪುರ, ತರೀಕೆರೆ, ಭದ್ರಾವತಿ, ಶಿವಮೊಗ್ಗ, ತೀರ್ಥಹಳ್ಳಿಗಳ ಮೇಲೆ ಆಗುಂಬೆ ಮುಟ್ಟುವ ಸವಾರ ಒಟ್ಟಿನಲ್ಲಿ ಏರಿದ್ದೇನೂ ಇಲ್ಲ. ತುಸು ಇಳಿದೇ ಇರುತ್ತಾನೆ. ಹಾದಿಯುದ್ದಕ್ಕೂ ಏರುತ್ತ ಹೋಗುವುದು ನೆಲವಲ್ಲ, ಮಳೆ.

ಚಿತ್ರದುರ್ಗ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಬೀಳುವುದು 600 ಮಿಲಿಮೀಟರಿನ ಆಸುಪಾಸಿನ ಮಳೆ. ಆಗುಂಬೆಯ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4,508 ಮಿಲಿಮೀಟರ್ ಸುರಿದ ದಾಖಲೆಯಿದೆ. ಅಂದರೆ ಹೊಸದುರ್ಗದ ರೈತ ಏಳೆಂಟು ವರ್ಷ ಕಾದು ಪಡೆಯುವ ಮಳೆಯನ್ನು ಆಗುಂಬೆ ಮೂವತ್ತೊಂದು ದಿನಗಳಲ್ಲಿ ಕಂಡಿತು. ಈ ಎರಡು ಊರುಗಳ ನಡುವಣ ದಾರಿ ಇನ್ನೂರು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಘಾಟಿ ಇಳಿದು ಹೆಬ್ರಿ, ಉಡುಪಿಯ ಮೇಲೆ ಮಲ್ಪೆಯ ಕಡಲು ಮುಟ್ಟಿದರೆ ಒಟ್ಟು ಸುಮಾರು 250 ಕಿಲೋಮೀಟರ್. ಬೆಳಗಿನ ಜಾವ ಹೊರಟವರು ಸಂಜೆಯ ಬೆಳಕಿರುವಾಗಲೇ ಸಮುದ್ರ ಕಾಣಬಹುದು. ಇಷ್ಟು ಚಿಕ್ಕ ಅಂತರದಲ್ಲಿ ಮಳೆ ಹತ್ತು ಪಟ್ಟಿಗೂ ಮಿಗಿಲಾಗಿ ಬದಲಾಗುವ ಹಾದಿಗಳು ಪ್ರಪಂಚದಲ್ಲೇ ಹೆಚ್ಚಿಲ್ಲ.

ಹೆಚ್ಚಿಲ್ಲ ಎಂದರೆ ಇಲ್ಲವೇ ಇಲ್ಲವೆಂದಲ್ಲ. ಮೋಟಾರ್ ಸೈಕಲ್ ಪ್ರವಾಸದ ಹುಚ್ಚಿರುವ ಯುರೋಪಿಯನ್ನರು ಹುಡುಕಿಕೊಂಡು ಹೋಗುವ ದಕ್ಷಿಣ ಸ್ಪೇನಿನ ಆಂದಲೂಸಿಯಾ ಅಂಥದೊಂದು ಸೀಮೆ. ಅಲ್ಲಿ ಕಡಿದಾದ ಕಮರಿಯ ಅಂಚಿನಲ್ಲಿ ಕುಳಿತಿರುವ ರೋಂಡಾ ಎಂಬ ಪಟ್ಟಣವಿದೆ. ಅದರ ಎತ್ತರವೂ, ಕಾಕತಾಳೀಯವಾಗಿ, ಹೊಸದುರ್ಗದಷ್ಟೇ. ರೋಂಡಾದಿಂದ ಮೆಡಿಟರೇನಿಯನ್ ತೀರದ ಸ್ಯಾನ್ ಪೆದ್ರೊಗೆ ಇಳಿಯುವ ಸುಮಾರು ಐವತ್ತು ಕಿಲೋಮೀಟರ್ ತಿರುವಿನ ರಸ್ತೆ ಬೈಕ್ ಸವಾರರಲ್ಲಿ ಬಹು ಪ್ರಸಿದ್ಧ. ರೋಂಡಾದ ಪಕ್ಕದಲ್ಲೇ ಇರುವ ಗ್ರಾಸಲೇಮಾ ಸ್ಪೇನಿನ ಅತಿ ಹೆಚ್ಚು ಮಳೆಯ ಊರುಗಳಲ್ಲೊಂದು. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡಗಳು ಮೊದಲು ತಾಗುವುದು ಅದರ ಬೆಟ್ಟಗಳಿಗೆ. ಅದೇ ಆಂದಲೂಸಿಯಾದ ಪೂರ್ವ ತುದಿಯಲ್ಲಿ, ಅಲ್ಮೇರಿಯಾ ಪ್ರಾಂತದ ತಾಬೆರ್ನಾಸ್‌ನಲ್ಲಿ, ಮರುಭೂಮಿ. ಅಮೆರಿಕದ ಕೌಬಾಯ್‌ಗಳ ಕತೆಯೆಂದು ನಮ್ಮ ಊರುಗಳ ಟಾಕೀಸುಗಳಲ್ಲೂ ಓಡಿದ ಎಷ್ಟೋ ಚಿತ್ರಗಳ ಒಣನೆಲ ನಿಜವಾಗಿ ಈ ಸ್ಪೇನಿನದು. ಒಣ ಅಲ್ಮೇರಿಯಾ ಅಮೆರಿಕವಾಗಿ ನಟಿಸಿದರೆ, ಒದ್ದೆ ಆಗುಂಬೆ ಶಂಕರ್‌ನಾಗ್ ಅವರ ಕೈಯಲ್ಲಿ ಆರ್.ಕೆ. ನಾರಾಯಣರ ಮಾಲ್ಗುಡಿಯಾಯಿತು. ಅದಿರಲಿ.

ಮಳೆಯ ಈ ಏರಿಳಿತವನ್ನು ಅರಿಯಲು ಮೋಟಾರ್ ಸೈಕಲ್ಲಿನಷ್ಟು ಒಳ್ಳೆಯ ವಾಹನ ಮತ್ತೊಂದಿಲ್ಲ. ಕಾರಿಗೆ ಗಾಜುಂಟು, ಬಸ್ಸಿನಲ್ಲಿ ನಿದ್ದೆಯುಂಟು. ಬೈಕ್ ಸವಾರನಿಗೆ ಮಾತ್ರ ಗಾಳಿಯ ತೇವ ಏರಿದ್ದು ಮೊದಲು ಮುಖಕ್ಕೆ, ಆಮೇಲೆ ಅಂಗಿಗೆ ತಿಳಿಯುತ್ತದೆ. ಕನ್ನಡ ನಾಡಿಗೂ ಈ ವಾಹನಕ್ಕೂ ವಿಶೇಷ ನಂಟಿದೆ. ಮೈಸೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಾರ್ಖಾನೆ, ಚೆಕೊಸ್ಲೊವಾಕಿಯಾದ ಜಾವಾ ಮೋಟಾರ್ ಸೈಕಲ್ಲನ್ನು 1961ರಿಂದ ಇಲ್ಲಿಯೇ ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲೂ, ಯೆಜ್ಡಿ ಹೆಸರು 2022ರಲ್ಲೂ ಮತ್ತೆ ಮಾರುಕಟ್ಟೆಗೆ ಬಂದವಾದರೂ ಅವು ಮೈಸೂರಿನಲ್ಲಿ ತಯಾರಾದವಲ್ಲ. ಹಳೆಯ ಗಾಡಿಯ ಎರಡು ಬದಿಯ ಎರಡು ಸೈಲೆನ್ಸರುಗಳ ಸದ್ದು, ಕಿಕ್ಕರನ್ನೇ ಮುಂದಕ್ಕೆ ಮಡಚಿ ಗೇರ್ ಮಾಡಿಕೊಳ್ಳುವ ಅದರ ಚಮತ್ಕಾರ, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸಿಕೊಳ್ಳುವ ರೂಢಿ ಇವು ಒಂದು ತಲೆಮಾರಿನವರ ನೆನಪಿನಲ್ಲಿ ಇಂದಿಗೂ ಹಸಿರಾಗಿವೆ. ಅಡಿಕೆ ವ್ಯಾಪಾರಿಗಳು, ಮೇಷ್ಟ್ರುಗಳು, ಬ್ಯಾಂಕಿನ ನೌಕರರು ಕೆಲಸಕ್ಕಾಗಿ ಓಡಾಡಿದ ರಸ್ತೆಗಳಲ್ಲೇ ಈಗ ಹುಡುಗರು ಭಾನುವಾರ ಸಂತೋಷಕ್ಕಾಗಿ ಓಡಾಡುತ್ತಾರೆ. ಅಷ್ಟೇ ವ್ಯತ್ಯಾಸ.

ಹೊಸದುರ್ಗದಿಂದ ಹೊರಡೋಣ. ಈ ಪಟ್ಟಣಕ್ಕೆ ರಸ್ತೆಯೇ ಗತಿ. 'ಹೊಸದುರ್ಗ ರೋಡ್' ಎಂಬ ರೈಲು ನಿಲ್ದಾಣ ಬೀರೂರು–ಚಿಕ್ಕಜಾಜೂರು ಮಾರ್ಗದಲ್ಲಿದೆ. ಹೆಸರಿನಲ್ಲಿ ಹೊಸದುರ್ಗವಿದ್ದರೂ ಊರಿಗೆ ದೂರ. ಊರಿನಿಂದ ಹೊರಬಿದ್ದೊಡನೆ ಸವಾರನ ಕಣ್ಣಿಗೆ ಬೀಳುವುದು ಬೋಳುಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವು ಜೋರಾಗಿ ತಿರುಗುತ್ತವೆ. ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬಂದ ಮುಂಗಾರು ಗಾಳಿ ಆಗುಂಬೆಯ ಗೋಡೆಗೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಹೊರೆಯನ್ನೆಲ್ಲ ಅಲ್ಲಿಯೇ ಇಳಿಸುತ್ತದೆ. ಘಟ್ಟ ದಾಟಿದ ಮೇಲೆ ಉಳಿಯುವುದು ಬರಿಯ ಗಾಳಿ. ಹೊಸದುರ್ಗಕ್ಕೆ ಮುಟ್ಟುವುದು ಆ ಬರಿಗೈಯ ಗಾಳಿ. ಅದರಿಂದ ವಿದ್ಯುತ್ತು ಹುಟ್ಟುತ್ತದೆ, ಬೆಳೆ ಹುಟ್ಟುವುದಿಲ್ಲ. ಗುಡ್ಡಗಳ ನಡುವೆ ಅಡ್ಡಗಾಳಿ ಬೀಸುವಾಗ ಹಗುರ ಬೈಕಿನವರು ಹ್ಯಾಂಡಲ್ ಬಿಗಿ ಹಿಡಿಯಬೇಕಾಗುತ್ತದೆ. ಸವಾರನನ್ನು ನೂಕುವ ಈ ಗಾಳಿಯೇ ಹಿಂದಿನ ದಿನ ಆಗುಂಬೆಯಲ್ಲಿ ಮಳೆಯಾಗಿತ್ತೆಂದು ತಿಳಿದರೆ ದಾರಿ ಇನ್ನಷ್ಟು ಸ್ವಾರಸ್ಯವಾದೀತು.

ರಸ್ತೆಯ ಎರಡೂ ಬದಿ ರಾಗಿ, ಸಾವೆ, ತೆಂಗು, ಈಚೆಗೆ ದಾಳಿಂಬೆ. ಇವುಗಳ ನಡುವೆ ಒಂದು ಮರ ನೋಡುವವರನ್ನು ಮೋಸಗೊಳಿಸುತ್ತದೆ. ಅದು ಅಡಿಕೆ. ಹೊಸಬರು ಅಡಿಕೆ ತೋಟ ಕಂಡೊಡನೆ 'ಮಲೆನಾಡು ಬಂತು' ಎನ್ನುತ್ತಾರೆ. ಹೊಳಲ್ಕೆರೆ, ಹೊಸದುರ್ಗ ಸೀಮೆಗಳಲ್ಲಿ ಅಡಿಕೆ ಸಾಲುಗಳು ಹೊಲದಿಂದ ಹೊಲಕ್ಕೆ ಹಬ್ಬಿವೆ. ಕೆರೆಯ ಕೆಳಗಿನ ಅಡಿಕೆ ಈ ಜಿಲ್ಲೆಗೆ ಹೊಸತಲ್ಲ. ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರ ಅಡಿಕೆ ವ್ಯಾಪಾರಕ್ಕೆ ಬಹುಕಾಲದಿಂದ ಹೆಸರಾದ ಊರು. ಹೊಸತಾದದ್ದು ಕೆರೆಯಿಲ್ಲದ ಕಡೆಯ ಅಡಿಕೆ. ಬೈಕ್ ನಿಲ್ಲಿಸಿ ಮರದ ಬುಡ ನೋಡಿದರೆ ಗುಟ್ಟು ಗೊತ್ತಾಗುತ್ತದೆ: ಕಪ್ಪು ಪೈಪು, ಅದರಿಂದ ಹನಿ ಹನಿಯಾಗಿ ಬೀಳುವ ಕೊಳವೆಬಾವಿಯ ನೀರು. ಮರ ಮಲೆನಾಡಿನದು, ಮಳೆ ಬಯಲುಸೀಮೆಯದು.

ರೈತನ ಲೆಕ್ಕವೇನೂ ತಪ್ಪಲ್ಲ. ಮಲೆನಾಡಿನ ತೋಟಗಳನ್ನು ಮಳೆಗಾಲದಲ್ಲಿ ಕಾಡುವ ಕೊಳೆರೋಗದ ಭಯ ಈ ಒಣ ಹವೆಯಲ್ಲಿಲ್ಲ. ಬೋರ್ಡೋ ದ್ರಾವಣದ ಖರ್ಚು ಉಳಿಯುತ್ತದೆ. ಈಚಿನ ವರ್ಷಗಳಲ್ಲಿ ತೀರ್ಥಹಳ್ಳಿ, ಶೃಂಗೇರಿ ಕಡೆ ಎಲೆಚುಕ್ಕಿ ರೋಗ ತೋಟಗಳನ್ನೇ ಒಣಗಿಸುತ್ತಿರುವಾಗ ಬಯಲಿನ ಅಡಿಕೆ ನಳನಳಿಸುತ್ತದೆ. ಆದರೆ ಮಳೆ ಕೊಡದ ನೀರನ್ನು ನೆಲದಿಂದ ಎತ್ತಬೇಕಲ್ಲ? ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳ ಹೆಸರು ಮತ್ತೆ ಮತ್ತೆ ಬಂದಿವೆ. ಸ್ಪೇನಿನ ಅಲ್ಮೇರಿಯಾದಲ್ಲೂ ನಡೆದದ್ದು ಇದೇ. ಮರುಭೂಮಿಯ ಮಗ್ಗುಲಲ್ಲಿ ಮೂವತ್ತು ಸಾವಿರ ಹೆಕ್ಟೇರಿಗೂ ಹೆಚ್ಚು ನೆಲವನ್ನು ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ತಂದು, ಬಾವಿ ನೀರಿನಲ್ಲಿ ಟೊಮೆಟೊ, ದಪ್ಪಮೆಣಸಿನಕಾಯಿ ಬೆಳೆದು ಯುರೋಪಿಗೆಲ್ಲ ಕಳಿಸುತ್ತಾರೆ. ಬೈಕ್ ಸವಾರರಿಗೆ ಗುಡ್ಡದ ಮೇಲಿನಿಂದ ಅದು ಬಿಳಿಯ ಸಮುದ್ರದಂತೆ ಕಾಣುತ್ತದೆ. ಬಾವಿಗಳು ಬರಿದಾದಂತೆ ಅಲ್ಲಿ ಕಡಲ ಉಪ್ಪುನೀರು ಅಂತರ್ಜಲಕ್ಕೆ ನುಗ್ಗಿತು. ಹೊಸದುರ್ಗಕ್ಕೆ ಕಡಲಿನ ಭಯವಿಲ್ಲ. ಇಲ್ಲಿ ಬಾವಿ ಬತ್ತಿದರೆ ಬತ್ತಿತು, ಅಷ್ಟೇ.

ಅಜ್ಜಂಪುರ ಬರುತ್ತಲೇ ನೆಲದ ಬಣ್ಣ, ಬೇಸಾಯದ ಬಗೆ ತುಸು ಬದಲಾಗುತ್ತವೆ. ಅಮೃತಮಹಲ್ ತಳಿಯ ದನಗಳ ಸಂವರ್ಧನಾ ಕೇಂದ್ರ ಇಲ್ಲಿದೆ. ಮೈಸೂರು ಒಡೆಯರ 'ಬೆಣ್ಣೆ ಚಾವಡಿ'ಯಾಗಿದ್ದ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ. ಸೈನ್ಯದ ಫಿರಂಗಿ, ಸಾಮಾನುಗಳನ್ನು ಎಳೆದು ದಾಪುಗಾಲಿಡುತ್ತಿದ್ದ ಆ ಎತ್ತುಗಳ ಬಿರುಸಿಗೆ ಬ್ರಿಟಿಷ್ ಸೇನಾಧಿಕಾರಿಗಳೂ ಬೆರಗಾಗಿದ್ದರು. ರಸ್ತೆಯ ಕತೆಯಲ್ಲಿ ಎತ್ತು ಮತ್ತೊಮ್ಮೆ ಬರಲಿದೆ. ಸದ್ಯಕ್ಕೆ ನೀರಿನ ಮಾತು. ಅಜ್ಜಂಪುರದ ಬಳಿ ನೆಲದಡಿ ಸುಮಾರು ಏಳು ಕಿಲೋಮೀಟರ್ ಉದ್ದದ ಸುರಂಗವೊಂದಿದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಮಲೆನಾಡಿನ ಕಡೆಯಿಂದ ಬಯಲುಸೀಮೆಯ ಕಡೆಗೆ ದಾಟುವ ಬಾಗಿಲು ಇದು. ತುಂಗೆಯಿಂದ 17.4 ಟಿಎಂಸಿ ನೀರನ್ನು ಭದ್ರೆಗೆ ಎತ್ತುವುದು, ಭದ್ರೆಯಿಂದ ಒಟ್ಟು 29.9 ಟಿಎಂಸಿ ನೀರನ್ನು ಈ ಸುರಂಗದ ಮೂಲಕ ಹರಿಸಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಕೊಡುವುದು ಯೋಜನೆಯ ಲೆಕ್ಕ. ಕೇಂದ್ರ ಸರ್ಕಾರ ತನ್ನ 2023ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ನೆರವು ಘೋಷಿಸಿತು. ಘೋಷಣೆಗೂ ಕಾಲುವೆಗೂ ನಡುವಣ ದೂರವನ್ನು ಈ ಭಾಗದ ರೈತರು ಬಲ್ಲರು.

ನೀರನ್ನು ಒದ್ದೆ ನಾಡಿನಿಂದ ಒಣ ನಾಡಿಗೆ ಕೊಂಡೊಯ್ಯುವ ಉಪಾಯ ಬಹಳ ಹಳೆಯದು. ಸ್ಪೇನಿನ ಸಿಯೆರಾ ನೆವಾಡಾ ಪರ್ವತದ ಹಿಮ ಕರಗಿದ ನೀರನ್ನು ಬೆಟ್ಟದ ಓರೆಯಲ್ಲೇ ತೋಡಿದ ಕಾಲುವೆಗಳಿಂದ ಹಳ್ಳಿಗಳಿಗೆ ಹಾಯಿಸುವ ಪದ್ಧತಿಯನ್ನು ಅಲ್ಲಿ ಬೆಳೆಸಿದವರು ಮಧ್ಯಯುಗದ ಅರಬ್ಬೀ ಮೂಲದ ಮುಸ್ಲಿಮರು. ಆ ಕಾಲುವೆಗಳಲ್ಲಿ ಹಲವು ಈಗಲೂ ಹರಿಯುತ್ತಿವೆ. ಹೊಸದುರ್ಗದ ಪಕ್ಕದಲ್ಲೇ ಮಾರಿಕಣಿವೆಯ ವಾಣಿವಿಲಾಸ ಸಾಗರವಿಲ್ಲವೇ? ಬಾಬಾಬುಡನ್ ಗಿರಿಯಲ್ಲಿ ಹುಟ್ಟಿದ ವೇದಾವತಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳುವ ಜಾಗ ನೋಡಿ 1898ರಲ್ಲಿ ಕೆಲಸ ಆರಂಭಿಸಿ 1907ರಲ್ಲಿ ಮುಗಿಸಿದ ಅಣೆಕಟ್ಟು ಅದು. ಕಟ್ಟೆ ಹಿರಿಯೂರು ತಾಲ್ಲೂಕಿನಲ್ಲಿದ್ದರೆ ಹಿನ್ನೀರು ಚಾಚಿರುವುದು ಹೊಸದುರ್ಗ ತಾಲ್ಲೂಕಿನ ಕಡೆಗೆ. ಭದ್ರೆಯ ನೀರು 2019ರಿಂದ ಅದಕ್ಕೆ ಬರತೊಡಗಿತು. ಭಾರಿ ಮಳೆಯೂ ಕೂಡಿ 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ, ಜಲಾಶಯ ಕೋಡಿ ಬಿದ್ದಿತು. 2025ರ ಜನವರಿಯಲ್ಲಿ ಮತ್ತೆ ಬಿದ್ದಿತು. ಹಿರಿಯೂರಿನವರು ಕೋಡಿ ನೋಡಲು ಬೈಕು ಹತ್ತಿ ಗುಂಪುಗುಂಪಾಗಿ ಹೋದರು. ಹೊಸದುರ್ಗ ತಾಲ್ಲೂಕಿನ ಹಿನ್ನೀರ ಹಳ್ಳಿಗಳಲ್ಲಿ ತೋಟ, ರಸ್ತೆಗಳು ನೀರಿನಲ್ಲಿ ನಿಂತವು. ಒಂದೇ ನೀರು ಕಟ್ಟೆಯ ಈ ಕಡೆಗೆ ಒಂದು ಬಗೆ, ಆ ಕಡೆಗೆ ಇನ್ನೊಂದು ಬಗೆ.

ನಾಲಿಗೆ ತೊಡರುವ ಆಟದ ಮಾತಿನಿಂದ ನಾಡಿನ ಮಕ್ಕಳಿಗೆಲ್ಲ ಪರಿಚಿತವಾದ ತರೀಕೆರೆ ಅರೆಮಲೆನಾಡು. ಪಶ್ಚಿಮಕ್ಕೆ ಬೆಟ್ಟದ ನೀಲಿ ಸಾಲು ಕಾಣತೊಡಗುತ್ತದೆ. ಭದ್ರಾವತಿ, ಶಿವಮೊಗ್ಗಗಳನ್ನು ಸವಾರರು ಲಾರಿಗಳ ನಡುವೆ ಬೇಗ ದಾಟಿಬಿಡುವುದೇ ಲೇಸು. ದಾರಿಯ ಸೊಗಸು ಮರಳುವುದು ಶಿವಮೊಗ್ಗ ಬಿಟ್ಟು ತುಂಗೆಯ ದಂಡೆ ಹಿಡಿದ ಮೇಲೆ: ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಮಳೆಗಾಲದಲ್ಲಿ ನಡುಹೊಳೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುವ ಮಂಡಗದ್ದೆ.

ಈ ಭಾಗದಲ್ಲಿ ಮನೆಗಳ ಮಾಡು ನೋಡುತ್ತ ಹೋಗಬೇಕು. ಹೊಸದುರ್ಗದ ಹಳೆಯ ಮನೆಗಳದು ಮಣ್ಣು ಮುಚ್ಚಿದ ಸಪಾಟು ಮಾಳಿಗೆ; ಅದರ ಮೇಲೆ ಕಾಳು ಒಣಗಿಸಬಹುದು, ಬೇಸಿಗೆಯಲ್ಲಿ ಮಲಗಬಹುದು. ತರೀಕೆರೆಯ ಹೊತ್ತಿಗೆ ಹೆಂಚು ಬರುತ್ತದೆ. ತೀರ್ಥಹಳ್ಳಿಯಲ್ಲಿ ಮಾಡು ಕಡಿದಾಗಿ ಇಳಿದು, ಗೋಡೆಗೆ ಇರಚಲು ಬಡಿಯದಂತೆ ಕೆಳಗೆ ಚಾಚಿರುತ್ತದೆ. ಅಡಿಕೆ ತೋಟವೂ ಇಲ್ಲಿ ಗುಡ್ಡದ ನಡುವಿನ ತಗ್ಗಿಗೆ ಸರಿಯುತ್ತದೆ. ಮೇಲಿನ ಸೊಪ್ಪಿನಬೆಟ್ಟದ ಸೊಪ್ಪು ಅದಕ್ಕೆ ಗೊಬ್ಬರ. ಬುಡದಲ್ಲಿ ಪೈಪಿನ ಬದಲು ನೀರು ಬಸಿದುಹೋಗಲು ಕಪ್ಪು, ಅಂದರೆ ಕಾಲುವೆ. ಒಂದೇ ಮರ: ಒಂದು ಕಡೆ ನೀರು ತರುವ ಚಿಂತೆ, ಇನ್ನೊಂದು ಕಡೆ ನೀರು ಕಳೆಯುವ ಚಿಂತೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಪರವಾಗಿ ನಾಡು ಸುತ್ತುತ್ತ, ಕರಾವಳಿ ಮುಗಿಸಿ ಘಟ್ಟ ಹತ್ತಿ, ಬಿದನೂರು ನಗರದಿಂದ ಚಿತ್ರದುರ್ಗ ಸೀಮೆಯ ಮೇಲೆ ಹಿರಿಯೂರಿಗೆ ಬಂದ. ಹಳ್ಳಿಹಳ್ಳಿಯ ಬೆಳೆ, ಬೆಲೆ, ಕೆರೆ, ಕಂದಾಯ ಬರೆದಿಟ್ಟ. 1807ರಲ್ಲಿ ಅಚ್ಚಾದ ಆ ಪುಸ್ತಕವನ್ನು ಓದುವವರಿಗೆ ಇಂದಿನ ಸವಾರ ಕಾಣುವ ಬದಲಾವಣೆಯೇ ತಿರುಗುಮುರುಗಾಗಿ, ಒದ್ದೆಯಿಂದ ಒಣಕ್ಕೆ, ಕಾಣಿಸುತ್ತದೆ.

ಆಗುಂಬೆಯಲ್ಲಿ ನೆಲ ತಟಕ್ಕನೆ ಮುಗಿಯುತ್ತದೆ. ಸೂರ್ಯಾಸ್ತದ ಕಟ್ಟೆಯಿಂದ ಕೆಳಗೆ ನೋಡಿದರೆ ಕರಾವಳಿ. ಆಕಾಶ ತಿಳಿಯಾಗಿದ್ದರೆ ಅದರಾಚೆ ಸಮುದ್ರದ ಗೆರೆ. 'ದಕ್ಷಿಣದ ಚಿರಾಪುಂಜಿ' ಎಂಬ ಬಿರುದು ಇನ್ನೂ ಊರಿಗೆ ಅಂಟಿಕೊಂಡಿದೆ, ಕೆಲವು ವರ್ಷ ಹುಲಿಕಲ್ಲಿನ ಮಳೆ ಆಗುಂಬೆಯನ್ನು ಮೀರಿಸಿದ್ದರೂ. ಇಲ್ಲಿಂದ ಸೋಮೇಶ್ವರಕ್ಕೆ ಇಳಿಯಲು ಹದಿನಾಲ್ಕು ಹಿಮ್ಮುರಿ ತಿರುವುಗಳು. ಇವನ್ನು ಬೈಕ್ ಸವಾರರ ಮೋಜಿಗೆಂದು ಯಾರೂ ಮಾಡಲಿಲ್ಲ. ಮೊದಲು ಇಲ್ಲಿದ್ದದ್ದು ಹೇರೆತ್ತುಗಳ ಜಾಡು: ಮೇಲಕ್ಕೆ ಉಪ್ಪು, ಕೆಳಕ್ಕೆ ಅಡಿಕೆ, ಮೆಣಸು. ಬೆನ್ನ ಮೇಲೆ ಹೇರು ಹೊತ್ತ ಎತ್ತು ಕಡಿದಾದ ಏರನ್ನೂ ಹತ್ತೀತು. ತುಂಬಿದ ಗಾಡಿ ಎಳೆಯುವ ಜೋಡಿಗೆ ಅದು ಸಾಧ್ಯವಿಲ್ಲ. ಇಪ್ಪತ್ತು ಅಡಿ ಸಾಗಿದರೆ ಒಂದು ಅಡಿ ಏರು ಎಂಬುದು ಘಾಟಿ ರಸ್ತೆ ಕಡಿಯುವ ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಆ ಲೆಕ್ಕದಲ್ಲಿ ಐನೂರು ಮೀಟರ್ ಇಳಿಯಲು ಹತ್ತು ಕಿಲೋಮೀಟರ್ ರಸ್ತೆ ಬೇಕು. ಅಷ್ಟು ಉದ್ದವನ್ನು ಒಂದು ಗುಡ್ಡದ ಮೈಯಲ್ಲಿ ಅಡಗಿಸಬೇಕಾದರೆ ಮಡಚದೆ ಗತ್ಯಂತರವಿಲ್ಲ. ತಿರುವಿನಲ್ಲಿ ಬೈಕು ವಾಲಿಸಿ ಖುಷಿಪಡುವವರು ಎತ್ತಿನ ಹೆಗಲಿಗೆ ಋಣಿಗಳು.

ಇಳಿಜಾರಿನಲ್ಲಿ ಒಂದು ಎಚ್ಚರಿಕೆ ಬೇಕು. ಹಳೆಯ ಜಾವಾ, ಯೆಜ್ಡಿಗಳಂಥ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಎಂಜಿನ್ನಿನ ಹಿಡಿತ ಕಡಿಮೆ. ಗಾಡಿಯನ್ನು ತಡೆಯುವ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಜೊತೆಗೆ ಆ ಎಂಜಿನ್ನಿಗೆ ಆಯಿಲ್ ಬರುವುದೇ ಪೆಟ್ರೋಲಿನ ಸಂಗಡ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಉದ್ದಕ್ಕೂ ಇಳಿದರೆ ಪಿಸ್ಟನ್ನಿಗೆ ಎಣ್ಣೆ ಸಾಲದೆ ಹಿಡಿದುಕೊಳ್ಳುವ ಅಪಾಯವುಂಟು. ಅನುಭವಸ್ಥರು ಆಗಾಗ ಒಂದು ಗುಟುಕು ಪೆಟ್ರೋಲ್ ಕುಡಿಸುತ್ತ ಇಳಿಯುತ್ತಾರೆ. ಮಳೆಗಾಲದಲ್ಲಂತೂ ಪಾಚಿ, ಮಣ್ಣು ಕುಸಿತ, ಎದುರು ಕಾಣದ ಮಂಜು. ಭಾರಿ ವಾಹನಗಳ ಸಂಚಾರವನ್ನು ಜಿಲ್ಲಾಡಳಿತ ಮಳೆಗಾಲಗಳಲ್ಲಿ ನಿಷೇಧಿಸಿದ್ದುಂಟು. ಘಾಟಿಗೆ ಬದಲಾಗಿ ಸುರಂಗ ಕೊರೆಯುವ ಪ್ರಸ್ತಾಪವೂ ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ಆಸ್ಪತ್ರೆಗೆಂದು ಮಣಿಪಾಲಕ್ಕೆ ಧಾವಿಸುವ ಮಲೆನಾಡಿಗರಿಗೆ ಅದರ ಅಗತ್ಯ ನಿಜ. ಕಾಳಿಂಗ ಸರ್ಪಗಳ ನೆಲೆಯಾದ ಈ ಕಾಡಿನ ಹೊಟ್ಟೆ ಸೀಳುವ ಅಂಜಿಕೆಯೂ ನಿಜ. ಎರಡನ್ನೂ ತೂಗಿ ನೋಡದೆ ಒಂದು ಪಕ್ಷ ಹಿಡಿಯುವುದು ಸುಲಭ.

ಸೋಮೇಶ್ವರದಿಂದಾಚೆ ಸೆಕೆ. ಹೆಬ್ರಿಯ ತನಕ ಕಾಡಿನ ನೆರಳು, ಆಮೇಲೆ ಗದ್ದೆ, ತೆಂಗು, ಉಡುಪಿಯ ಗದ್ದಲ, ಮಲ್ಪೆಯ ಮೀನು ಬಂದರು. ಬಂದರಿನಾಚೆ ಕಾಣುವ ಸೇಂಟ್ ಮೇರೀಸ್ ದ್ವೀಪದ ಕಂಬಕಂಬವಾದ ಕಲ್ಲುಗಳು ಲಾವಾ ತಣಿದು ಆದವು. ಹೊಸದುರ್ಗದಿಂದ ಬಂದವರು ದೋಣಿ ಹತ್ತಿ ಹೋಗಿ ನೋಡಲೇಬೇಕಾದ ಜಾಗ.

ಆಗುಂಬೆಯ ಮಳೆ ಮಾತ್ರ ಎರಡು ದಾರಿ ಹಿಡಿಯುತ್ತದೆ. ಘಟ್ಟದ ಅಂಚಿನಿಂದ ಪಶ್ಚಿಮಕ್ಕೆ ಬಿದ್ದದ್ದು ಸೀತಾನದಿಯಾಗಿ, ಹೆಬ್ರಿಯ ಹಾದಿಯಲ್ಲಿ ಸವಾರನ ಜೊತೆಗೇ ಓಡಿ, ಕಡಲು ಸೇರುತ್ತದೆ. ಕೆಲವೇ ಮಾರು ಪೂರ್ವಕ್ಕೆ ಬಿದ್ದದ್ದು ಮಾಲತಿ ಹೊಳೆಯಾಗಿ ತೀರ್ಥಹಳ್ಳಿ ಸೀಮೆಯಲ್ಲಿ ತುಂಗೆಯನ್ನು ಕೂಡುತ್ತದೆ. ತುಂಗೆಯಿಂದ ಭದ್ರೆಗೆ, ಭದ್ರೆಯಿಂದ ಅಜ್ಜಂಪುರದ ಸುರಂಗಕ್ಕೆ ಎಂಬ ಯೋಜನೆಯ ಲೆಕ್ಕ ಪೂರ್ತಿ ಕೈಗೂಡಿದರೆ ಆ ಮಳೆಯ ಒಂದು ಪಾಲು ಬೈಕು ಬಂದ ದಾರಿಯನ್ನೇ ಹಿಂದಕ್ಕೆ ಹಿಡಿದು, ಗಾಳಿಯಂತ್ರಗಳ ಗುಡ್ಡದ ಕೆಳಗಿನ ಅಡಿಕೆ ಬುಡಗಳಿಗೆ ಮುಟ್ಟಬೇಕು.